ಮನೆತನದಲ್ಲಿ ಮೊದಲು ಕಾಲೇಜಿಗೆ ಹೋಗುವವರು

ನಮ್ಮ ಊರಿನ ಹುಡುಗಿಯೊಬ್ಬಳು ನರ್ಸಿಂಗ್ ಕಲಿಯಲಿಕ್ಕೆ ಪಟ್ಟಣಕ್ಕೆ ಹೊರಟರೆ ನಾವು ಹಾರ ಹಾಕಿ, ಬಸ್ಸು ಹತ್ತಿಸಿ, ಮರೆತುಬಿಡುತ್ತೇವೆ. ಅವಳ ಮನೆಯಲ್ಲಿ ಆ ದಾರಿಯನ್ನು ಕಂಡವರು ಯಾರೂ ಇಲ್ಲ. ಇಂಥವರು ಬುದ್ಧಿಯ ಕೊರತೆಯಿಂದಲ್ಲ, ಕೇಳುವವರಿಲ್ಲದ ಕಾರಣ ನಡುವೆ ಹಿಂತಿರುಗುವದುಂಟು.

ಡಾಕ್ಟರ್ ಅಂಬೇಡ್ಕರರೂ ತಮ್ಮ ಮನೆತನದಲ್ಲಿ ಕಾಲೇಜು ಕಂಡ ಮೊದಲಿಗರು. ತಂದೆಯಾದ ರಾಮಜಿಯವರು ಸಾಲಮಾಡಿಯಾದರೂ ಮಗನಿಗೆ ಪುಸ್ತಕ ಕೊಡಿಸುತ್ತಿದ್ದರು. ಕೇಳೂಸ್ಕರರೆಂಬ ಉಪಾಧ್ಯಾಯರು ಅವರನ್ನು ಬಡೋದೆಯ ಸಯಾಜಿರಾವ್ ಮಹಾರಾಜರಿಗೆ ಪರಿಚಯಪಡಿಸಿದರು. ಮಹಾರಾಜರು ವಿದ್ಯಾರ್ಥಿವೇತನ ಕೊಟ್ಟು 1913ರಲ್ಲಿ ಅಮೇರಿಕದ ಕೊಲಂಬಿಯ ವಿಶ್ವವಿದ್ಯಾಲಯಕ್ಕೆ ಕಳುಹಿಸಿದರು. 1920ರಲ್ಲಿ ಓದು ಪೂರೈಸುವದಕ್ಕೆ ಲಂಡನಿಗೆ ಹೊರಟಾಗ ಕೊಲ್ಲಾಪುರದ ಶಾಹು ಮಹಾರಾಜರೂ ಒಬ್ಬ ಸ್ನೇಹಿತರೂ ಹಣ ನೀಡಿದರು. ಹೀಗೆ ಅವರು ಬ್ಯಾರಿಸ್ಟರರಾದರು.

ಇದರಿಂದ ನಾವು ಕಲಿಯತಕ್ಕದ್ದೇನು? ಹಣ ಕೊಡುವವರೂ ಬೇಕು, ದಾರಿ ತೋರಿಸುವವರೂ ಬೇಕು. ಮಹಾರಾಜರಂತೆ ಕೊಡುವ ಶಕ್ತಿ ನಮಗಿಲ್ಲ. ಕೇಳೂಸ್ಕರರಂತೆ ಜೊತೆಗೆ ಹೋಗುವದು ನಮ್ಮಿಂದಲೂ ಆದೀತು.

ಮೊದಲನೆಯದಾಗಿ, ವಿದ್ಯಾರ್ಥಿವೇತನದ ಅರ್ಜಿ, ಜಾತಿ ಮತ್ತು ಆದಾಯದ ಪ್ರಮಾಣಪತ್ರ, ಹಾಸ್ಟೆಲಿನ ಪ್ರವೇಶ, ಇವುಗಳಿಗಾಗಿ ತಿಳಿದವರೊಬ್ಬರು ಮಕ್ಕಳ ಸಂಗಡ ಹೋಗಲಿ. ಯಾಕಂದರೆ ಕಡೇ ದಿನ ತಪ್ಪಿದರೆ ಒಂದು ವರುಷದ ನೆರವೇ ತಪ್ಪಿಹೋದೀತು. ಎರಡನೆಯದಾಗಿ, ಮೊದಲನೆಯ ವರುಷ ಒಬ್ಬರಾದರೂ ತಿಂಗಳಿಗೊಮ್ಮೆ ಅವರ ಕ್ಷೇಮ ವಿಚಾರಿಸಲಿ. ಮೂರನೆಯದಾಗಿ, ಒಂದು ಪರೀಕ್ಷೆ ತಪ್ಪಿದರೆ ಹಾಸ್ಯಮಾಡದೆ, ಮತ್ತೆ ಬರೆಯಲಿಕ್ಕೆ ಧೈರ್ಯ ಹೇಳೋಣ. ಕೂಲಿಗೆ ಕರೆಯುವ ಹೆತ್ತವರಿಗೂ ತಾಳ್ಮೆಯಿಂದ ತಿಳಿಯಪಡಿಸೋಣ.

ಈ ವರುಷ ನಮ್ಮ ಊರಿನಿಂದ ಹೊರಟವರು ಯಾರು? ಅವರ ಸಂಗಡ ಹೋದವರು ಯಾರು? ಇದನ್ನು ನಾವೆಲ್ಲರೂ ನಮ್ಮನ್ನೇ ಕೇಳಿಕೊಳ್ಳೋಣ.