ಸೊರೊರಿಟಿಯೂ ಬೇಕು, ಕೆಮಿಕಲ್ ಎಂಜಿನಿಯರಿಂಗೂ ಬೇಕು ಅನ್ನುವವಳಿಗೆ

ಪುಟ್ಟಿ,

ಸೊರೊರಿಟಿ ಸೇರುತ್ತೀನಿ ಅಂತ ನೀನು ಹೇಳಿದ ಮರುದಿನವೇ ನಿಮ್ಮಮ್ಮ ಮೈಸೂರಿಂದ ಫೋನ್ ಮಾಡಿದ್ದಳು. "ಅದೇನಕ್ಕಾ ಅದು, ಇಂಗ್ಲಿಷ್ ಸಿನಿಮಾದಲ್ಲಿ ಎಲ್ಲರೂ ಒಂದೇ ಥರ ಬಟ್ಟೆ ಹಾಕ್ಕೊಂಡು ಕುಣೀತಾರಲ್ಲ, ಅದೇನಾ?" ಅಂತ. ಅದು ಕಾಲೇಜು ಹುಡುಗಿಯರ ಸಂಘ, ಸಿನಿಮಾದಲ್ಲಿ ತೋರಿಸೋದು ಅರ್ಧ ನಿಜ ಅಂದೆ. ಯಾವ ಅರ್ಧ ಅಂತ ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ.

ನನ್ನ ಮಗಳು ಮೆಕ್ಯಾನಿಕಲ್ ಓದುತ್ತಲೇ ಸೊರೊರಿಟಿಯಲ್ಲಿ ಇದ್ದವಳು. ನಾನೂ ಇಲ್ಲಿ ಅಮೆರಿಕದ ಕಾಲೇಜೊಂದರಲ್ಲಿ ಹುಡುಗರಿಗೆ ಕೋರ್ಸ್ ಆರಿಸಿಕೊಡುವ ಕೆಲಸ ಮಾಡಿದವಳು. ಹಾಗಾಗಿ ಬೇಡವೇ ಬೇಡ ಅನ್ನುವ ದೊಡ್ಡಮ್ಮ ನಾನಲ್ಲ. ಆದರೆ ಸೇರಿದ ಮೇಲೆ ನಿನ್ನ ವಾರ ಯಾರ ಕೈಯಲ್ಲಿರುತ್ತೆ ಅನ್ನೋದನ್ನು ಸೇರುವ ಮೊದಲೇ ತಿಳಿದುಕೊಂಡಿರಬೇಕು.

• ಮೊದಲು ಲೆಕ್ಕ. ನೀನು 16 ಕ್ರೆಡಿಟ್ ತಗೊಂಡಿದ್ದೀಯ. ಒಂದು ಕ್ರೆಡಿಟ್‌ಗೆ ಕ್ಲಾಸಿನ ಹೊರಗೆ ವಾರಕ್ಕೆ ಎರಡು ಗಂಟೆಯಾದರೂ ಓದಬೇಕು ಅನ್ನೋದು ಇಲ್ಲಿನ ವಾಡಿಕೆ. ಕ್ಲಾಸಿನ 16, ಓದಿನ 32, ಒಟ್ಟು 48 ಗಂಟೆ. ಲ್ಯಾಬ್ ರಿಪೋರ್ಟ್ ಇದ್ದರೆ ಅದು ಮೇಲಿಂದ. ಸೊರೊರಿಟಿಯನ್ನು ಇನ್ನೊಂದು ಮೂರು ಕ್ರೆಡಿಟ್ಟಿನ ಕೋರ್ಸ್ ಅಂತಲೇ ಎಣಿಸು: ವಾರಕ್ಕೆ ಒಂಬತ್ತು ಗಂಟೆ. ಹೊಸ ಸದಸ್ಯೆಯಾಗಿರುವ ಮೊದಲ ಕೆಲವು ವಾರ ಇದಕ್ಕಿಂತ ಜಾಸ್ತಿಯೇ ಹೋಗುತ್ತೆ. ಸೇರುವ ಸೆಮಿಸ್ಟರ್‌ನಲ್ಲಿ ಒಂದು ಕೋರ್ಸ್ ಮುಂದಕ್ಕೆ ಹಾಕಲು ಆಗುತ್ತಾ ಅಂತ ನಿನ್ನ ಅಡ್ವೈಸರನ್ನು ಕೇಳು. ಆದರೆ 12 ಕ್ರೆಡಿಟ್‌ಗಿಂತ ಕೆಳಗೆ ಇಳಿಯಬೇಡ. ನಿನ್ನದು ಎಫ್-1, ವಿದ್ಯಾರ್ಥಿ ವೀಸಾ. ಇಂಟರ್‌ನ್ಯಾಷನಲ್ ಆಫೀಸಿನ ಅನುಮತಿ ಇಲ್ಲದೆ ಒಂದು ಕೋರ್ಸ್ ಡ್ರಾಪ್ ಮಾಡಿ 12ರ ಕೆಳಗೆ ಹೋದರೆ ತೊಂದರೆ ಬರೋದು ಅಂಕಕ್ಕಲ್ಲ, ವೀಸಾಕ್ಕೆ. ಜೊತೆಯ ಅಮೆರಿಕನ್ ಹುಡುಗಿಯರಿಗೆ ಈ ತಲೆನೋವು ಇಲ್ಲ, ಹಾಗಾಗಿ ಅವರು ನಿನಗೆ ಇದನ್ನು ಹೇಳೋದೂ ಇಲ್ಲ.

• ನಿಮ್ಮ ಪರ್ಡ್ಯೂ ಯೂನಿವರ್ಸಿಟಿಯಲ್ಲಿ ಎಂಜಿನಿಯರಿಂಗ್‌ಗೆ ಬಂದವರೆಲ್ಲ ಮೊದಲ ವರ್ಷ ಫಸ್ಟ್ ಇಯರ್ ಎಂಜಿನಿಯರಿಂಗ್. ಕೆಮಿಕಲ್ ಸಿಗೋದು ಆ ವರ್ಷದ ಅಂಕ ನೋಡಿ. ಸೊರೊರಿಟಿ ಸೇರಲು ಎಲ್ಲರೂ ಆತುರ ಪಡುವುದೂ ಅದೇ ವರ್ಷ. ಅವಸರ ಬೇಡ. ಹೊಸಬರನ್ನು ಆರಿಸಿಕೊಳ್ಳುವ ರಶ್ ಕೆಲವು ಕ್ಯಾಂಪಸ್‌ಗಳಲ್ಲಿ ಆಗಸ್ಟಿನಲ್ಲಿ ಕ್ಲಾಸ್ ಶುರುವಾಗೋ ಮೊದಲೇ ಮುಗಿದುಹೋಗುತ್ತೆ, ಕೆಲವು ಕಡೆ ಜನವರಿಗೆ ಇಟ್ಟುಕೊಳ್ಳುತ್ತಾರೆ. ಅದು ತಪ್ಪಿದರೂ, ಜಾಗ ಉಳಿದಿರುವ ಚಾಪ್ಟರ್‌ಗಳು, ಅಂದರೆ ಸೊರೊರಿಟಿಗಳ ಕ್ಯಾಂಪಸ್ ಶಾಖೆಗಳು, ಆಮೇಲೆ ಸದ್ದುಗದ್ದಲ ಇಲ್ಲದೆ ಸೇರಿಸಿಕೊಳ್ಳುತ್ತವೆ. ಒಂದು ಸೆಮಿಸ್ಟರ್ ಕ್ಯಾಲ್ಕುಲಸ್, ಕೆಮಿಸ್ಟ್ರಿ ಪರೀಕ್ಷೆಗಳ ರುಚಿ ನೋಡಿ ಸೇರಿದವರು ಕಳಕೊಂಡದ್ದೇನನ್ನೂ ನಾನು ಕಂಡಿಲ್ಲ.

• ಇವೆಲ್ಲ ಪಾರ್ಟಿಗೆ ಅಂತ ಹುಟ್ಟಿದವಲ್ಲ, ಗೊತ್ತಿರಲಿ. ಕಪ್ಪಾ ಆಲ್ಫಾ ಥೀಟಾ ಶುರುವಾದದ್ದು 1870ರಲ್ಲಿ, ನಿಮ್ಮ ಇಂಡಿಯಾನಾ ರಾಜ್ಯದಲ್ಲೇ, ಇವತ್ತು ಡಿಪಾ ಅಂತ ಕರೆಯುವ ಯೂನಿವರ್ಸಿಟಿಯಲ್ಲಿ. ಹುಡುಗಿಯರನ್ನು ಆ ಕಾಲೇಜು ಸೇರಿಸಿಕೊಳ್ಳಲು ಶುರುಮಾಡಿ ಮೂರೇ ವರ್ಷ ಆಗಿತ್ತು. ಕ್ಲಾಸಿನ ತುಂಬ ಗಂಡಸರು, ಬೆರಳೆಣಿಕೆಯ ಹೆಂಗಸರು. ಜೊತೆಗೆ ಕೂತು ಓದೋಕೆ, ಬೆನ್ನಿಗೆ ನಿಲ್ಲೋಕೆ ಯಾರಾದರೂ ಬೇಕಿತ್ತು.

ನೂರು ವರ್ಷ ದಾಟಿದ ಮೇಲೂ ಎಂಜಿನಿಯರಿಂಗ್ ಕ್ಲಾಸುಗಳ ಕಥೆ ಹೆಚ್ಚುಕಮ್ಮಿ ಅದೇ. ಅದಕ್ಕೇ ಎಂಜಿನಿಯರಿಂಗ್ ಹುಡುಗಿಯರು ತಮ್ಮದೇ ಸೊರೊರಿಟಿ ಕಟ್ಟಿಕೊಂಡರು. 1983ರಲ್ಲಿ ಮಿಲ್ವಾಕಿಯ ಮಾರ್ಕೆಟ್ ಯೂನಿವರ್ಸಿಟಿಯಲ್ಲಿ ಆಲ್ಫಾ ಒಮೇಗಾ ಎಪ್ಸಿಲಾನ್. ಮರುವರ್ಷ, 1984ರಲ್ಲಿ, ನೀನು ಓದೋಕೆ ಬಂದಿರುವ ಪರ್ಡ್ಯೂನಲ್ಲೇ ಫೈ ಸಿಗ್ಮಾ ರೋ. ಗುರುವಾರ ಸಂಜೆ ಪರೀಕ್ಷೆ ಅಂದರೆ ಏನು ಅಂತ ಅಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ, ಅವರಿಗೂ ಅದೇ ಪರೀಕ್ಷೆ ಇರುತ್ತೆ. ನನ್ನನ್ನು ಕೇಳಿದರೆ ಮೊದಲು ಅವರ ಬಾಗಿಲು ತಟ್ಟು. ಬೇರೆ ಸೊರೊರಿಟಿಗಳ ದೊಡ್ಡ ಮನೆ, ಬಿಳಿ ಕಂಬ ನೋಡಿ ಮರುಳಾದರೆ ಅದು ನಿನ್ನ ಇಷ್ಟ.

• ನಮ್ಮವರ ಸೊರೊರಿಟಿಗಳೂ ಇವೆ. ದಕ್ಷಿಣ ಏಷ್ಯಾದ ಹುಡುಗಿಯರು 1998ರಲ್ಲಿ ಹ್ಯೂಸ್ಟನ್‌ನಲ್ಲಿ ಡೆಲ್ಟಾ ಫೈ ಒಮೇಗಾ ಕಟ್ಟಿದರು. ಅದೇ ವರ್ಷ ಆಸ್ಟಿನ್‌ನಲ್ಲಿ ಕಪ್ಪಾ ಫೈ ಗಾಮಾ. ದೀಪಾವಳಿ ಅಂದರೇನು ಅಂತ ವಿವರಿಸುವ ಕಷ್ಟ ತಪ್ಪುತ್ತೆ. ಆದರೆ ನೂರಾರು ಜನರ ಚಾಪ್ಟರ್‌ನಲ್ಲಿ ಒಂದು ಸಂಜೆ ನೀನು ಕಾಣದಿದ್ದರೂ ನಡೆಯುತ್ತೆ. ಹತ್ತು ಹದಿನೈದು ಜನರ ಚಾಪ್ಟರ್‌ನಲ್ಲಿ ಕಾರ್ಯಕ್ರಮ ನಡೆಸೋರೂ ನೀವೇ, ಕುರ್ಚಿ ಎತ್ತಿಡೋರೂ ನೀವೇ. ಚಿಕ್ಕದು ಅಂದರೆ ಕೆಲಸ ಕಡಿಮೆ ಅಂದುಕೊಳ್ಳಬೇಡ.

• ಕಮಲಾ ಹ್ಯಾರಿಸ್ ಸೊರೊರಿಟಿಯಲ್ಲಿ ಇರಲಿಲ್ಲವಾ ಅಂತ ನೀನು ಅಮ್ಮನ ಹತ್ತಿರ ವಾದ ಮಾಡಿದೆಯಂತೆ. ಇದ್ದರು. 1908ರಲ್ಲಿ ಹೊವರ್ಡ್ ಯೂನಿವರ್ಸಿಟಿಯಲ್ಲಿ ಕಪ್ಪು ಹೆಣ್ಣುಮಕ್ಕಳು ಕಟ್ಟಿದ ಆಲ್ಫಾ ಕಪ್ಪಾ ಆಲ್ಫಾ ಅವರದು. ಆದರೆ ಅವರು ಓದಿದ್ದು ರಾಜ್ಯಶಾಸ್ತ್ರ, ಅರ್ಥಶಾಸ್ತ್ರ. ಆರ್ಗ್ಯಾನಿಕ್ ಕೆಮಿಸ್ಟ್ರಿ ಲ್ಯಾಬ್ ಇರಲಿಲ್ಲ ಕಣೇ.

• ಸಹಿ ಹಾಕುವ ಮುಂಚೆ ಓದು. ನ್ಯಾಷನಲ್ ಪ್ಯಾನ್‌ಹೆಲೆನಿಕ್ ಕಾನ್ಫರೆನ್ಸ್‌ಗೆ ಸೇರಿದ 26 ಸೊರೊರಿಟಿಗಳಲ್ಲಿ ರಶ್‌ನ ಕೊನೆಯ ದಿನ ಒಂದು ಒಪ್ಪಂದಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಯಾವ ಯಾವ ಮನೆಯ, ಅಂದರೆ ಸೊರೊರಿಟಿಯ, ಬಿಡ್ (ಸೇರು ಅನ್ನುವ ಕರೆ) ಬಂದರೆ ಒಪ್ಪುತ್ತೀಯ ಅಂತ ಅದರಲ್ಲಿ ಬರೆಯಬೇಕು. ಬರೆದ ಮನೆಯಿಂದಲೇ ಬಿಡ್ ಬಂದು ನೀನು ಒಲ್ಲೆ ಅಂದರೆ, ಆ ಕ್ಯಾಂಪಸ್ಸಿನಲ್ಲಿ ಈ 26ರ ಬೇರೆ ಯಾವುದಕ್ಕೂ ಒಂದು ವರ್ಷ ಸೇರುವ ಹಾಗಿಲ್ಲ. ಮನಸ್ಸಿಲ್ಲದ ಹೆಸರನ್ನು ದಾಕ್ಷಿಣ್ಯಕ್ಕೆ ಬರೆಯಬೇಡ.

• ರಶ್‌ನಲ್ಲಿ ಅವರು ನಿನ್ನ ಊರು, ಹವ್ಯಾಸ, ಇಷ್ಟದ ಹಾಡು ಎಲ್ಲ ಕೇಳುತ್ತಾರೆ. ನೀನೂ ಕೇಳು. ನಿಮ್ಮಲ್ಲಿ ಎಂಜಿನಿಯರಿಂಗ್ ಓದುವವರು ಎಷ್ಟು ಜನ? ಚಾಪ್ಟರ್ ಮೀಟಿಂಗ್ ಯಾವ ದಿನ, ಎಷ್ಟು ಹೊತ್ತು? ತಪ್ಪಿಸಿದರೆ ದಂಡ ಎಷ್ಟು? ಪರೀಕ್ಷೆ ಇದ್ದರೆ ವಿನಾಯಿತಿ ಹೇಗೆ ಕೇಳಬೇಕು? ಒಂದು ವರ್ಷ ಆ ಮನೆಯಲ್ಲೇ ಇರಬೇಕು ಅನ್ನುವ ಕಡ್ಡಾಯ ಇದೆಯಾ? ಮೊದಲ ಸೆಮಿಸ್ಟರ್‌ನ ಒಟ್ಟು ಖರ್ಚು ಎಷ್ಟು? ತಿಂಗಳ ಫೀಸನ್ನು ಮಾತ್ರ ಹೇಳಿ ಪ್ರವೇಶದ ಫೀಸು, ಬ್ಯಾಡ್ಜು, ಟೀ ಶರ್ಟು ಮರೆತುಬಿಡುತ್ತಾರೆ. ಟೀ ಶರ್ಟುಗಳ ಖರ್ಚು ತಮಾಷೆಯಲ್ಲ, ನಮ್ಮ ಮನೆಯ ಒಂದು ಬೀರು ತುಂಬ ಇನ್ನೂ ಅವೇ. ಊಟದ ವಿಷಯವನ್ನೂ ಕೇಳು. ಸಸ್ಯಾಹಾರಿ ಅಂದರೆ ದಿನಾ ಪಾಸ್ತಾ, ಸಲಾಡ್ ಎರಡೇ ಇಡುವ ಅಡುಗೆಮನೆಗಳಿವೆ.

• ಯಾರೂ ಮೊದಲೇ ಹೇಳದ ಸಂಗತಿ ಇದು. ಎರಡನೇ ವರ್ಷದಿಂದ ರಶ್‌ನಲ್ಲಿ ನೀನು ಬಾಗಿಲಿನ ಒಳಗಡೆ ನಿಂತಿರುತ್ತೀಯ. ಹೊಸಬರು ಬರುವ ಮುಂಚೆ ಹಳಬರೆಲ್ಲ ಬಂದು ತಯಾರಿ ಮಾಡಬೇಕು, ಅದಕ್ಕೆ ವರ್ಕ್ ವೀಕ್ ಅನ್ನುತ್ತಾರೆ. ಬೆಳಗಿಂದ ರಾತ್ರಿವರೆಗೆ ಬಾಗಿಲಲ್ಲಿ ಹಾಡಬೇಕಾದ ಹಾಡಿನ ಅಭ್ಯಾಸ, ಯಾರು ಯಾರ ಜೊತೆ ಮಾತಾಡಬೇಕು, ಮಾತು ಯಾವಾಗ ಇನ್ನೊಬ್ಬಳಿಗೆ ದಾಟಿಸಬೇಕು ಅನ್ನುವುದರ ಅಭ್ಯಾಸ. ಬರಲೇಬೇಕು, ಬರದಿದ್ದರೆ ದಂಡ. ಆಗಸ್ಟ್ ರಶ್ ಇರುವ ಕಡೆ ಇದು ಆಗಸ್ಟಿನ ಮೊದಲ ಭಾಗಕ್ಕೆ ಬೀಳುತ್ತೆ. ಎಂಜಿನಿಯರಿಂಗ್ ಇಂಟರ್ನ್‌ಶಿಪ್ ಹತ್ತು ಹನ್ನೆರಡು ವಾರ, ಮುಗಿಯೋದು ಆಗಸ್ಟಿನ ನಡುವೆ. ಎರಡೂ ಒಂದರ ಮೇಲೊಂದು. ಕಂಪನಿಯಲ್ಲಿ ಕೊನೆಯ ವಾರ ಅಂದರೆ ಮಾಡಿದ ಕೆಲಸವನ್ನು ಎಲ್ಲರ ಮುಂದೆ ತೋರಿಸುವ ವಾರ, ಮುಂದಿನ ವರ್ಷಕ್ಕೆ ಕರೆಯುತ್ತಾರೋ ಇಲ್ಲವೋ ತೀರ್ಮಾನವಾಗುವ ವಾರ. ಅದನ್ನು ಬಿಟ್ಟು ಹಾಡು ಕಲಿಯೋಕೆ ಓಡಿಬರಬೇಡ. ಇಂಟರ್ನ್‌ಶಿಪ್‌ನ ಆಫರ್ ಲೆಟರ್ ಕೈಗೆ ಬಂದ ದಿನವೇ ಅದನ್ನು ಚಾಪ್ಟರ್‌ಗೆ ಕಳಿಸಿ ವಿನಾಯಿತಿ ಕೇಳು. ಮಾರ್ಚಿನಲ್ಲಿ ಕೇಳಿದವಳಿಗೆ ಸಿಗುತ್ತೆ. ಜುಲೈ ಕೊನೆಯಲ್ಲಿ ಕೇಳಿದವಳಿಗೆ ಸಿಗೋದು ಬೈಗುಳ.

• ಸೆಮಿಸ್ಟರ್‌ನ ಮೊದಲ ವಾರ ಎಲ್ಲ ಕೋರ್ಸುಗಳ ಸಿಲೆಬಸ್ ಕೊಡುತ್ತಾರಲ್ಲ, ಅವತ್ತೇ ಪರೀಕ್ಷೆಯ ತಾರೀಖುಗಳನ್ನೆಲ್ಲ ಕ್ಯಾಲೆಂಡರಿಗೆ ಹಾಕು. ದೊಡ್ಡ ಕ್ಲಾಸುಗಳ ಪರೀಕ್ಷೆ ನಡೆಯೋದು ಸಂಜೆ, ಸೊರೊರಿಟಿಯ ಕಾರ್ಯಕ್ರಮಗಳೂ ಸಂಜೆಯೇ. ಮೊದಲ ಚಾಪ್ಟರ್ ಮೀಟಿಂಗಿನ ಹೊತ್ತಿಗೆ ಆ ಪಟ್ಟಿ ಕಾರ್ಯದರ್ಶಿಯ ಕೈಯಲ್ಲಿರಬೇಕು.

ಅಕ್ಟೋಬರ್ ಮೇಲೆ ವಿಶೇಷ ಕಣ್ಣಿಡು. ಹಳೆಯ ವಿದ್ಯಾರ್ಥಿಗಳು ವಾಪಸ್ ಬರುವ ಹೋಮ್‌ಕಮಿಂಗ್ ಹಬ್ಬ ಬರುತ್ತೆ, ಮಿಡ್‌ಟರ್ಮೂ ಬರುತ್ತೆ. ಮಿಸ್ಸೌರಿ, ಅಯೋವಾ ಕಡೆಯ ಕ್ಯಾಂಪಸ್‌ಗಳಲ್ಲಿ ಹೋಮ್‌ಕಮಿಂಗ್‌ಗೆ ಪಾಂಪಿಂಗ್ ಅಂತ ಒಂದು ಕೆಲಸ ಇದೆ. ಕೋಳಿಗೂಡಿಗೆ ಹಾಕುವ ತಂತಿಬಲೆ ಇರುತ್ತಲ್ಲ, ಅದರ ಒಂದೊಂದು ಕಣ್ಣಿಗೂ ಬಣ್ಣದ ಟಿಶ್ಯೂ ಪೇಪರಿನ ಚಿಕ್ಕ ಚೌಕವನ್ನು ಬೆರಳಿಗೆ ಸುತ್ತಿ ತುರುಕಬೇಕು. ಮನೆಯೆತ್ತರದ ಚಿತ್ರ ಮೂಡುವವರೆಗೂ ಹೀಗೇ. ವಾರಗಟ್ಟಲೆ, ಒಬ್ಬೊಬ್ಬರಿಗೂ ಇಷ್ಟು ಗಂಟೆ ಅಂತ ಹಂಚಿ. ಬೆರಳ ತುದಿಗೆಲ್ಲ ಬಣ್ಣ ಹತ್ತುತ್ತೆ. ನನ್ನ ಮಗಳು ಪಾಲಿನ ಗಂಟೆಗಳನ್ನು ಬೆಳಗಿನ ಜಾವ, ಯಾರೂ ಇಲ್ಲದಾಗ, ಫ್ಲೂಯಿಡ್ಸ್ ಪಾಠದ ರೆಕಾರ್ಡಿಂಗ್ ಕಿವಿಗೆ ಹಾಕ್ಕೊಂಡು ಮುಗಿಸುತ್ತಿದ್ದಳು. ಸಂಜೆ ಹೋದರೆ ಹರಟೆ, ಪಿಜ್ಜಾ, ಎರಡು ಗಂಟೆಯ ಕೆಲಸ ಐದು ಗಂಟೆ. ನಿಮ್ಮಲ್ಲಿ ಪಾಂಪಿಂಗ್ ಇಲ್ಲದಿದ್ದರೆ ಅದರ ತಂಗಿ ಯಾವುದಾದರೂ ಇದ್ದೇ ಇರುತ್ತೆ.

• ಚಾಪ್ಟರ್‌ನ ಚಾಟ್ ನಡೆಯುವ ಗ್ರೂಪ್‌ಮೀ ಆ್ಯಪಿನ ನೋಟಿಫಿಕೇಷನ್ ಬಂದ್ ಮಾಡಿಡು. ರಾತ್ರಿ ಊಟವಾದ ಮೇಲೆ ಒಂದು ಸಲ ನೋಡಿದರೆ ಸಾಕು. ನೂರೈವತ್ತು ಹುಡುಗಿಯರು ಫಾರ್ಮಲ್ ಡಾನ್ಸ್‌ಗೆ ಯಾವ ಬಣ್ಣದ ಡ್ರೆಸ್ ಅಂತ ಚರ್ಚೆ ಮಾಡುವಾಗ ಯಾವ ಪ್ರಾಬ್ಲಮ್ ಸೆಟ್ಟೂ ಮುಗಿಯಲ್ಲ.

• "ಬಿಗ್" ಅಂದರೆ ನಿನ್ನನ್ನು ನೋಡಿಕೊಳ್ಳುವ ಹಿರಿಯ ಸದಸ್ಯೆಯನ್ನು ಆರಿಸುವಾಗ ಉಡುಗೊರೆ ಬುಟ್ಟಿ ನೋಡಬೇಡ. ನಿನ್ನ ಬ್ರಾಂಚಿನಲ್ಲೇ ಎರಡು ವರ್ಷ ಮುಂದಿರುವವಳು ಸಿಕ್ಕರೆ ಅವಳನ್ನೇ ಕೇಳು. ಯಾವ ಪ್ರೊಫೆಸರ್ ಹತ್ತಿರ ಏನು ಓದಬೇಕು, ಸೆಪ್ಟೆಂಬರಿನ ಕರಿಯರ್ ಫೇರ್‌ನಲ್ಲಿ ಯಾವ ಸಾಲಿನಲ್ಲಿ ಮೊದಲು ನಿಲ್ಲಬೇಕು ಅಂತ ಅವಳಿಗೆ ಗೊತ್ತಿರುತ್ತೆ. ಸೊರೊರಿಟಿಯಿಂದ ಓದಿಗೆ ಆಗುವ ದೊಡ್ಡ ಲಾಭ ನನ್ನ ಪ್ರಕಾರ ಇದೊಂದೇ. "ಸ್ಟಡಿ ಅವರ್ಸ್" ಅಂತ ಹಾಜರಿ ಹಾಕಿಸಿಕೊಳ್ಳುವ ಏರ್ಪಾಟು ಇರುತ್ತೆ, ಒಂದೇ ಮೇಜಿನ ಸುತ್ತ ಎಂಟು ಜನ ಕೂತರೆ ಎಷ್ಟು ಓದಾಗುತ್ತೆ ಅಂತ ನಾನು ಹೇಳಬೇಕಾಗಿಲ್ಲ. ಹಾಜರಿಗೆ ಅಲ್ಲಿ ಕೂರು, ಓದೋಕೆ ಲೈಬ್ರರಿಗೆ ಹೋಗು.

• ಹಳೆಯ ಪ್ರಶ್ನೆಪತ್ರಿಕೆಗಳ ಫೈಲು ಕೆಲವು ಮನೆಗಳಲ್ಲಿ ಇರುತ್ತೆ. ಪ್ರೊಫೆಸರ್ ತಾವೇ ವಾಪಸ್ ಕೊಟ್ಟು, ಇಟ್ಟುಕೊಳ್ಳಿ ಅಂದಿದ್ದರೆ ಧಾರಾಳವಾಗಿ ನೋಡು. ಹಾಗಲ್ಲದಿದ್ದರೆ ಮುಟ್ಟಬೇಡ. ಸಿಕ್ಕಿಬಿದ್ದಾಗ ವಿಚಾರಣೆ ನಿನ್ನ ಹೆಸರಲ್ಲಿ ನಡೆಯುತ್ತೆ, ಸೊರೊರಿಟಿಯ ಹೆಸರಲ್ಲಲ್ಲ.

• ಚಾಪ್ಟರ್ ಇಟ್ಟಿರುವ ಕನಿಷ್ಠ ಜಿಪಿಎ ದಾಟಿದೆ ಅಂತ ನೆಮ್ಮದಿಯಾಗಿ ಕೂರಬೇಡ. ಅದು ಮನೆಯೊಳಗೆ ಇರಲು ಬೇಕಾದ ಗೆರೆ. ಎಷ್ಟೋ ಕಂಪನಿಗಳು ಇಂಟರ್ನ್‌ಶಿಪ್ ಅರ್ಜಿಯನ್ನು 3.0ಕ್ಕಿಂತ ಕೆಳಗೆ ನೋಡೋದೇ ಇಲ್ಲ. ನಿನ್ನ ರೂಮ್‌ಮೇಟ್ ಮೆಡಿಕಲ್ ಹಾದಿಯವಳು ಅಂದೆಯಲ್ಲ, ಅವಳಿಗೆ 3.7ರ ಆಸುಪಾಸು ಬೇಕು. ಅವಳ ಪಾಡು ನಿನಗಿಂತ ಕಷ್ಟ.

• ರ‍್ಯಾಗಿಂಗ್ ಅಂತ ನಾವು ಅನ್ನೋದನ್ನು ಇಲ್ಲಿ ಹೇಜಿಂಗ್ ಅನ್ನುತ್ತಾರೆ. ಊರಲ್ಲಿ ಯುಜಿಸಿ 2009ರಲ್ಲಿ ನಿಯಮ ತಂದಿತು, ಕಾಲೇಜಿಗೆ ಸೇರುವಾಗ ನಿಮ್ಮಣ್ಣ ಮುಚ್ಚಳಿಕೆ ಬರೆದುಕೊಟ್ಟಿದ್ದ, ನೆನಪಿದೆಯಾ? ಇಲ್ಲಿ 2024ರ ಡಿಸೆಂಬರ್‌ನಲ್ಲಿ ಸ್ಟಾಪ್ ಕ್ಯಾಂಪಸ್ ಹೇಜಿಂಗ್ ಆಕ್ಟ್ ಬಂತು. ಯಾವ ಸಂಘಟನೆ ಹೇಜಿಂಗ್ ಮಾಡಿ ತಪ್ಪಿತಸ್ಥ ಅಂತ ತೀರ್ಮಾನವಾಗಿದೆ ಅನ್ನುವ ವರದಿಯನ್ನು ಕಾಲೇಜುಗಳು ಎಲ್ಲರಿಗೂ ಕಾಣುವ ಹಾಗೆ ಪ್ರಕಟಿಸಬೇಕು. ಸೇರುವ ಮುಂಚೆ ಆ ವರದಿ ಓದು. ಹೊಡೆತ ಬಡಿತವೇ ಆಗಬೇಕಿಲ್ಲ. ಮಿಡ್‌ಟರ್ಮ್ ಹಿಂದಿನ ರಾತ್ರಿ ಎರಡು ಗಂಟೆಗೆ ಎಬ್ಬಿಸಿ ಕಾಫಿ ತಂದುಕೊಡು ಅಂದರೂ ಅದು ಹೇಜಿಂಗೇ. "ಎಲ್ಲರೂ ಮಾಡಿದ್ದಾರೆ" ಅನ್ನುವ ಮಾತು ಕಿವಿಗೆ ಬಿದ್ದರೆ ಎದ್ದು ಬಾ.

• ಕುಡಿತ: 21 ಆಗುವವರೆಗೂ ಕಾನೂನಿಗೆ ವಿರುದ್ಧ. ಪೊಲೀಸ್ ಕೇಸಾದರೆ ಮತ್ತೆ ಅದೇ ವೀಸಾ. ಹೆಚ್ಚು ಹೇಳಲ್ಲ.

• ಪದಾಧಿಕಾರಿಯಾಗು ಅಂತ ಬೇಗ ಕೇಳುತ್ತಾರೆ. ಲೆಕ್ಕ ಬರುವ ಎಂಜಿನಿಯರಿಂಗ್ ಹುಡುಗಿ ಸಿಕ್ಕರೆ ಖಜಾಂಚಿ ಕೆಲಸ ಕಟ್ಟೋಕೆ ಕಾಯುತ್ತಾ ಇರುತ್ತಾರೆ. ಬಾಕಿ ವಸೂಲಿ ಮಾಡುತ್ತಾ ಗೆಳತಿಯರನ್ನು ಕಳಕೊಳ್ಳುವ ಕೆಲಸ ಅದು. ಮೂರನೇ ವರ್ಷ, ಥರ್ಮೊಡೈನಮಿಕ್ಸೂ ಹೀಟ್ ಟ್ರಾನ್ಸ್‌ಫರೂ ಇರುವಾಗ, ಖಂಡಿತ ಬೇಡ. ಸ್ಕಾಲರ್‌ಶಿಪ್ ಚೇರ್ ಕೊಟ್ಟರೆ ತಗೋ: ಎಲ್ಲರ ಓದಿನ ಉಸ್ತುವಾರಿ, ಕೆಲಸ ಹಗುರ, ನಿನ್ನ ಪುಸ್ತಕವೂ ತೆರೆದೇ ಇರುತ್ತೆ.

• ಇಲ್ಲಿ ನಿನ್ನ ಅಂಕಗಳನ್ನು ನಿನ್ನ ಒಪ್ಪಿಗೆ ಇಲ್ಲದೆ ಕಾಲೇಜು ಅಪ್ಪ ಅಮ್ಮನಿಗೆ ತೋರಿಸುವುದಿಲ್ಲ, ಫೀಸು ಅವರೇ ಕಟ್ಟಿದರೂ ಸರಿ. ಹಾಗಂತ ಮುಚ್ಚಿಡಬೇಡ. ಪ್ರತಿ ಸೆಮಿಸ್ಟರ್ ಕೊನೆಗೆ ನೀನೇ ಫೋನ್ ಮಾಡಿ ಅಂಕವನ್ನೂ, ಸೊರೊರಿಟಿಗೆ ಹೋದ ದುಡ್ಡನ್ನೂ ಒಟ್ಟಿಗೆ ಹೇಳು. ಅಪ್ಪ ಡಾಲರನ್ನು ರೂಪಾಯಿ ಮಾಡಿ ಎರಡು ನಿಮಿಷ ಸುಮ್ಮನಿರುತ್ತಾನೆ. ಇರಲಿ ಬಿಡು.

• ಸೊರೊರಿಟಿ ಬಿಡುವುದಾದರೆ, ಪೂರ್ಣ ಸದಸ್ಯೆ ಮಾಡಿಕೊಳ್ಳುವ ಇನಿಶಿಯೇಷನ್‌ಗೆ ಮೊದಲೇ ಬಿಡು. ಆಮೇಲೂ ಬಿಡಬಹುದು, ಯಾರೂ ಹಿಡಿದು ಕೂರಿಸಲ್ಲ. ಆದರೆ ಒಮ್ಮೆ ಇನಿಶಿಯೇಷನ್ ಆದ ಮೇಲೆ ಆ 26ರಲ್ಲಿ ಇನ್ನೊಂದನ್ನು ಸೇರುವ ಹಾಗಿಲ್ಲ. ಮನೆಯ ಬಾಡಿಗೆ ಕರಾರು ಬೇರೆಯೇ ಕಾಗದ. ಸದಸ್ಯತ್ವ ಬಿಟ್ಟರೂ ಬಾಡಿಗೆ ಬಿಡದೆ ಬೆನ್ನು ಹತ್ತಬಹುದು, ಆ ಕರಾರನ್ನು ಸಹಿ ಹಾಕುವ ಮೊದಲು ನನಗೆ ಕಳಿಸು, ಓದಿ ಹೇಳ್ತೀನಿ.

• ಕೊನೆಗೆ ಕಾಲಿನ ವಿಚಾರ. ರಶ್‌ನಲ್ಲಿ ದಿನಾ ಮನೆಯಿಂದ ಮನೆಗೆ ನಡೀಬೇಕು, ನಡುವೆ ಸಿಗೋದು ಕೆಲವೇ ನಿಮಿಷ. ಹೀಲ್ಸ್ ಚೀಲದಲ್ಲಿಟ್ಟುಕೊಂಡು ಚಪ್ಪಲಿಯಲ್ಲಿ ನಡಿ, ಬಾಗಿಲ ಹತ್ತಿರ ಬದಲಾಯಿಸು. ಜನವರಿಯಾದರೆ ಹಿಮದ ಬೂಟು. ನೀರಿನ ಬಾಟಲಿ, ಒಂದೆರಡು ಬ್ಯಾಂಡೇಜು ಇಟ್ಟುಕೊ. ಬೂಟು ಇನ್ನೂ ತಗೊಂಡಿಲ್ಲ ಅಂದರೆ ನಿನ್ನ ಅಕ್ಕನದೊಂದು ಜೊತೆ ನಮ್ಮ ಗರಾಜಿನಲ್ಲಿದೆ, ಅಳತೆ ಹೇಳು.