ಗರ್ಭಾವಸ್ಥೆಯಲ್ಲಿ ಲಾಲಾರಸ ಮತ್ತು ಬಾಯಿಯ ಆರೋಗ್ಯ

ಗರ್ಭಾವಸ್ಥೆಯಲ್ಲಿ ಈಸ್ಟ್ರೋಜೆನ್ ಮತ್ತು ಪ್ರೊಜೆಸ್ಟೆರಾನ್ ಹಾರ್ಮೋನುಗಳು ಏರುವುದರಿಂದ, ಹಲ್ಲಿಗೆ ಅಂಟುವ ಸೂಕ್ಷ್ಮಾಣುಗಳ ಪದರವಾದ ಪ್ಲಾಕ್‌ಗೆ ಒಸಡು ಅತಿಯಾಗಿ ಪ್ರತಿಕ್ರಿಯಿಸಿ, ಊದಿಕೊಂಡು ರಕ್ತ ಒಸರುತ್ತದೆ. ಇದನ್ನು ಗರ್ಭಿಣಿಯರ ಒಸಡಿನ ಉರಿಯೂತ ಎನ್ನುತ್ತಾರೆ.

ಲಾಲಾರಸದಲ್ಲಿರುವ ಬೈಕಾರ್ಬನೇಟ್ ಆಮ್ಲವನ್ನು ತಟಸ್ಥಗೊಳಿಸಿ ಹಲ್ಲನ್ನು ಕಾಯುತ್ತದೆಯಾದರೂ, ಗರ್ಭಾವಸ್ಥೆಯಲ್ಲಿ ಲಾಲಾರಸದ ಪಿಎಚ್ (ಆಮ್ಲೀಯತೆಯ ಅಳತೆ) ಸಾಮಾನ್ಯವಾಗಿ ತಗ್ಗುತ್ತದೆ. ಬಾಯಿಯ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದಾಗ ಹಲ್ಲಿನ ಹೊರಕವಚವಾದ ಎನಾಮಲ್‌ನ ಖನಿಜಾಂಶ ಕರಗತೊಡಗುತ್ತದೆ. ಪದೇ ಪದೇ ಆಗುವ ವಾಂತಿಯ ಜಠರಾಮ್ಲವೂ, ಬಯಕೆಯೆಂದು ಮತ್ತೆ ಮತ್ತೆ ಸೇವಿಸುವ ಅಪ್ಪೆಹುಳಿಯಂಥ ಹುಳಿ ಪದಾರ್ಥಗಳೂ ಈ ಸವೆತವನ್ನು ಹೆಚ್ಚಿಸಬಲ್ಲವಾದ್ದರಿಂದ, ವಾಂತಿಯಾದೊಡನೆ ಹಲ್ಲುಜ್ಜದೆ, ಅಡುಗೆ ಸೋಡಾ ಬೆರೆಸಿದ ನೀರಿನಿಂದ ಬಾಯಿ ಮುಕ್ಕಳಿಸಿ ಸ್ವಲ್ಪ ಹೊತ್ತು ಕಾಯುವುದು ಸರಿಯಾದ ಕ್ರಮ. ಭ್ರೂಣವು ತಾಯಿಯ ಹಲ್ಲಿನಿಂದ ಕ್ಯಾಲ್ಸಿಯಂ ಸೆಳೆಯುತ್ತದೆಂಬ ನಂಬಿಕೆಗೆ ಆಧಾರವಿಲ್ಲ.

ಬಾಯಿಯ ಆರೋಗ್ಯಕ್ಕೆ ಸಂಬಂಧಿಸಿದ ಇನ್ನೊಂದು ರೂಢಿ ಕವಳ, ಅಂದರೆ ಎಲೆ-ಅಡಿಕೆ ಮೆಲ್ಲುವುದು. ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರ ತಾಲ್ಲೂಕುಗಳಲ್ಲಿ ಬೆಳೆಯುವ ಅಡಿಕೆಗೆ ‘ಶಿರಸಿ ಸುಪಾರಿ’ ಎಂಬ ಹೆಸರಿನಲ್ಲಿ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದ್ದು, ಕವಳ ಹಾಕುವುದು ಇಲ್ಲಿಯ ಆತಿಥ್ಯದ ಅಂಗವೇ ಆಗಿದೆ. ಆದರೆ ಅಡಿಕೆಯ ಅರೆಕೋಲಿನ್ ಎಂಬ ಕ್ಷಾರಾಂಶ ಲಾಲಾರಸವನ್ನು ಉಕ್ಕಿಸುವುದರಿಂದ ಬಾಯಿಗೆ ಹಿತವೆನಿಸಿದರೂ, ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ವರದಿಯಲ್ಲಿ ಅಡಿಕೆಯನ್ನೇ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿದೆ. ಗರ್ಭಿಣಿಯರ ಅಡಿಕೆ ಸೇವನೆಗೂ ಶಿಶುವಿನ ಕಡಿಮೆ ತೂಕಕ್ಕೂ ನಂಟಿರುವುದನ್ನು ಅಧ್ಯಯನಗಳು ತೋರಿಸಿರುವುದರಿಂದ, ತಂಬಾಕಿಲ್ಲದ ಕವಳವನ್ನೂ ಈ ಅವಧಿಯಲ್ಲಿ ಬಿಡುವುದೇ ಲೇಸು.

ದಂತಚಿಕಿತ್ಸೆಗೆ ನಾಲ್ಕರಿಂದ ಆರನೆಯ ತಿಂಗಳು ಹೆಚ್ಚು ಅನುಕೂಲಕರವಾಗಿದ್ದು, 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯುವ ಉಚಿತ ಗರ್ಭಿಣಿ ತಪಾಸಣೆಯ ವೇಳೆ ಒಸಡಿನ ರಕ್ತಸ್ರಾವವನ್ನೂ ವೈದ್ಯರಿಗೆ ತಿಳಿಸಬಹುದು.