ಎತ್ತರ ಜಿಗಿದ ಮಾರಿಯಪ್ಪನ್

ಪಾಠ ಓದುವ ಮೊದಲು ಒಂದು ಕೆಲಸ ಮಾಡೋಣ. ಅಳತೆ ಟೇಪು ತನ್ನಿ. ಹೊಲಿಗೆ ಕಲಿಯುವವರ ಹತ್ತಿರ ಇರುತ್ತದಲ್ಲ, ಅದೇ ಸಾಕು. ಅದರ ಕೊನೆಯಲ್ಲಿ 150 ಎಂದು ಬರೆದಿರುತ್ತದೆ. ಅಂದರೆ 150 ಸೆಂಟಿಮೀಟರ್. ಟೇಪಿನ ಒಂದು ತುದಿ ನೆಲಕ್ಕೆ ಮುಟ್ಟಿಸಿ ಗೋಡೆಯ ಮೇಲೆ ಗುರುತು ಹಾಕಿ. ಆ ಗುರುತಿನಿಂದ ಮೇಲಕ್ಕೆ ಇನ್ನೂ 39 ಸೆಂಟಿಮೀಟರ್ ಅಳೆಯಿರಿ. ಅಲ್ಲಿ ಇದ್ದಿಲಿನಿಂದ ಒಂದು ಗೆರೆ ಎಳೆಯಿರಿ.

ನಾವು ನಮ್ಮ ಕೇಂದ್ರದಲ್ಲಿ ಹೀಗೇ ಮಾಡಿದೆವು. ಗೆರೆ ನಮ್ಮ ಬಾಗಿಲಿಗಿಂತ ಮೇಲೆ ಹೋಯಿತು. "ಅಯ್ಯೋ ಟೀಚರ್, ಇದನ್ನ ಯಾರು ಹಾರ್ತಾರೆ? ಮೇಕೆನೂ ಹಾರಲ್ಲ" ಅಂದರು ಒಬ್ಬ ಅಜ್ಜಿ. ಎಲ್ಲರೂ ನಕ್ಕೆವು.

ಆ ಗೆರೆ 189 ಸೆಂಟಿಮೀಟರ್. ಇದನ್ನು 1.89 ಮೀಟರ್ ಎಂದೂ ಬರೆಯುತ್ತಾರೆ. ಮೊಳದಲ್ಲಿ ಹೇಳಿದರೆ ನಾಲ್ಕು ಮೊಳಕ್ಕಿಂತ ಹೆಚ್ಚು. ಹೂ ಮಾರುವವರ ಮೊಳ ಅಲ್ಲ, ನಿಜವಾದ ಮೊಳ!

ಇಷ್ಟು ಎತ್ತರವನ್ನು ಒಬ್ಬರು ಹಾರಿದರು. ಅವರ ಒಂದು ಕಾಲು ಊನವಾಗಿತ್ತು. ಅವರ ಹೆಸರು ಮಾರಿಯಪ್ಪನ್ ತಂಗವೇಲು.

ಮಾರಿಯಪ್ಪನ್ ಅವರದು ನಮ್ಮ ಪಕ್ಕದ ತಮಿಳುನಾಡು. ಸೇಲಂ ಜಿಲ್ಲೆಯ ಪೆರಿಯವಡಗಂಪಟ್ಟಿ ಎಂಬ ಹಳ್ಳಿ. ಹುಟ್ಟಿದ್ದು 1995ರಲ್ಲಿ. ಐದು ವರ್ಷದ ಹುಡುಗ ಒಂದು ದಿನ ಶಾಲೆಗೆ ನಡೆದು ಹೋಗುತ್ತಿದ್ದ. ಬಸ್ಸು ಬಂದು ಅವನ ಬಲಗಾಲಿನ ಮೇಲೆ ಹರಿಯಿತು. ಮೊಣಕಾಲಿನ ಕೆಳಗೆ ಕಾಲು ಜಜ್ಜಿಹೋಯಿತು. ಆ ಕಾಲು ಮತ್ತೆ ಸರಿಯಾಗಿ ಬೆಳೆಯಲಿಲ್ಲ.

ತಾಯಿಯ ಹೆಸರು ಸರೋಜ. ಕೂಲಿ ಮಾಡಿದರು. ಇಟ್ಟಿಗೆ ಹೊತ್ತರು. ಆಮೇಲೆ ತರಕಾರಿ ಮಾರಿದರು. ಮಗನ ಚಿಕಿತ್ಸೆಗೆ ಮೂರು ಲಕ್ಷ ರೂಪಾಯಿ ಸಾಲ ಮಾಡಿದರು. ತರಕಾರಿ ಮಾರಿ ಮೂರು ಲಕ್ಷ ತೀರಿಸುವುದು ಎಂದರೇನು? ಇದನ್ನು ನಾವು ವಿವರಿಸಬೇಕಾಗಿಲ್ಲ. ಸಂತೆಯಲ್ಲಿ ಕೂತು ಬಂದವರಿಗೆ ಗೊತ್ತು. ಎಷ್ಟೋ ವರ್ಷ ಆ ಸಾಲ ಹಾಗೇ ಇತ್ತು. ಆದರೂ ಮಗನನ್ನು ಶಾಲೆ ಬಿಡಿಸಲಿಲ್ಲ.

ಶಾಲೆಯಲ್ಲಿ ಹುಡುಗ ವಾಲಿಬಾಲ್ ಆಡುತ್ತಿದ್ದ. ಆಟದ ಮೇಷ್ಟ್ರು ಅವನನ್ನು ಗಮನಿಸಿದರು. "ನೀನು ಎತ್ತರ ಜಿಗಿತ ಮಾಡಿ ನೋಡು" ಎಂದರು. ಹದಿನಾಲ್ಕನೆಯ ವಯಸ್ಸಿಗೆ, ಎರಡು ಕಾಲೂ ಸರಿ ಇದ್ದ ಹುಡುಗರ ಜೊತೆ ಸ್ಪರ್ಧಿಸಿ ಎರಡನೆಯವನಾಗಿ ಬಂದ.

ಮುಂದೆ ನಮ್ಮ ಬೆಂಗಳೂರಿನ ಕಥೆಯೂ ಸೇರುತ್ತದೆ. 2013ರಲ್ಲಿ ತರಬೇತುದಾರ ಸತ್ಯನಾರಾಯಣ ಅವರ ಕಣ್ಣಿಗೆ ಮಾರಿಯಪ್ಪನ್ ಬಿದ್ದರು. 2015ರಲ್ಲಿ ಬೆಂಗಳೂರಿಗೆ ಕರೆತಂದು ತರಬೇತಿ ಕೊಟ್ಟರು.

ಎತ್ತರ ಜಿಗಿತ ಹೇಗಿರುತ್ತದೆ? ಎರಡು ಕಂಬ ನಿಲ್ಲಿಸಿರುತ್ತಾರೆ. ಅವುಗಳ ಮೇಲೆ ಅಡ್ಡಕ್ಕೆ ಒಂದು ಕೋಲು ಇಟ್ಟಿರುತ್ತಾರೆ. ಓಡಿಬಂದು, ಕೋಲು ಬೀಳಿಸದೆ ಅದರ ಮೇಲಿಂದ ಆಚೆ ಬೀಳಬೇಕು. ಆಚೆ ದಪ್ಪ ಹಾಸಿಗೆ ಇರುತ್ತದೆ. ನೆಲ ಒದ್ದು ಮೇಲೇಳುವುದು ಒಂದೇ ಕಾಲಿನಿಂದ. ಇದು ಎಲ್ಲರಿಗೂ ಇರುವ ನಿಯಮ. ದಾಟಿದವರಿಗೆ ಕೋಲನ್ನು ಇನ್ನಷ್ಟು ಏರಿಸುತ್ತಾರೆ. ಸತತ ಮೂರು ಸಲ ತಪ್ಪಿದರೆ ಆಟ ಮುಗಿಯಿತು.

ಅಂಗವಿಕಲರ ಜಾಗತಿಕ ಕ್ರೀಡಾಕೂಟಕ್ಕೆ ಪ್ಯಾರಾಲಿಂಪಿಕ್ಸ್ ಎನ್ನುತ್ತಾರೆ. ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತದೆ. 2016ರ ಸೆಪ್ಟೆಂಬರ್‌ನಲ್ಲಿ ಅದು ಬ್ರೆಜಿಲ್ ದೇಶದ ರಿಯೋ ನಗರದಲ್ಲಿ ನಡೆಯಿತು. ಅಲ್ಲಿ ಮಾರಿಯಪ್ಪನ್ 1.89 ಮೀಟರ್ ಹಾರಿ ಚಿನ್ನ ಗೆದ್ದರು. ಅಮೆರಿಕದ ಸ್ಯಾಮ್ ಗ್ರೀವ್ ಅವರಿಗೆ ಬೆಳ್ಳಿ ಬಂತು. ನಮ್ಮ ದೇಶದವರೇ ಆದ ವರುಣ್ ಸಿಂಗ್ ಭಾಟಿ ಅವರಿಗೆ ಕಂಚು ಬಂತು. ಈ ಇಬ್ಬರೂ ಹಾರಿದ್ದು 1.86 ಮೀಟರ್.

"ಇಬ್ಬರೂ ಒಂದೇ ಎತ್ತರ ಹಾರಿದ್ರೆ ಒಬ್ರಿಗೆ ಬೆಳ್ಳಿ, ಇನ್ನೊಬ್ರಿಗೆ ಕಂಚು ಯಾಕೆ?" ಒಳ್ಳೆಯ ಪ್ರಶ್ನೆ. ಆ ಎತ್ತರದಲ್ಲಿ ಯಾರು ಕಡಿಮೆ ಸಲ ಕೋಲು ಬೀಳಿಸಿದರೋ ಅವರು ಮುಂದೆ. ಅಲ್ಲೂ ಸಮ ಆದರೆ ಹಿಂದಿನ ತಪ್ಪುಗಳನ್ನೂ ಎಣಿಸುತ್ತಾರೆ. ನಮ್ಮ ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ ಅವರಿಗೂ ಹೀಗೇ ಆಯಿತು. 2012ರಲ್ಲಿ ಲಂಡನ್‌ನಲ್ಲಿ ಅವರು 1.74 ಮೀಟರ್ ಹಾರಿದರು. ಫಿಜಿ ದೇಶದವರೂ ಅಷ್ಟೇ ಹಾರಿದರು, ಪೋಲೆಂಡಿನವರೂ ಅಷ್ಟೇ. ಗಿರೀಶ ಅವರಿಗೆ ಬೆಳ್ಳಿ ಸಿಕ್ಕಿತು. ಆ ವರ್ಷದ ಪ್ಯಾರಾಲಿಂಪಿಕ್ಸ್‌ನಲ್ಲಿ ಇಡೀ ಭಾರತಕ್ಕೆ ಬಂದದ್ದು ಅದೊಂದೇ ಪದಕ.

ರಿಯೋದ ನಂತರ ಮಾರಿಯಪ್ಪನ್ ಅವರಿಗೆ ತಮಿಳುನಾಡು ಸರ್ಕಾರ ಎರಡು ಕೋಟಿ ರೂಪಾಯಿ ಘೋಷಿಸಿತು. ಅವರು ತಾವು ಓದಿದ ಶಾಲೆಗೆ 30 ಲಕ್ಷ ಕೊಡುವುದಾಗಿ ಹೇಳಿದರು. 2017ರಲ್ಲಿ ಪದ್ಮಶ್ರೀ ಬಂತು. 2021ರಲ್ಲಿ ಟೋಕಿಯೋದಲ್ಲಿ ಮಳೆ. ಊನವಾದ ಕಾಲಿನ ಕಾಲುಚೀಲ ನೆನೆದುಹೋಯಿತು. ಅದರಲ್ಲೇ 1.86 ಹಾರಿ ಬೆಳ್ಳಿ ತಂದರು. 2024ರಲ್ಲಿ ಪ್ಯಾರಿಸ್‌ನಲ್ಲಿ 1.85 ಹಾರಿ ಕಂಚು. ಮೂರು ಕೂಟ, ಮೂರು ಪದಕ.

ಈ ಪಾಠ ಓದಿದ ದಿನ ನಮ್ಮಲ್ಲಿ ಒಬ್ಬ ಅಕ್ಕ ಸುಮ್ಮನೆ ಕೂತಿದ್ದರು. ಅವರ ಮಗ ಕಾಲು ಎಳೆದು ನಡೆಯುತ್ತಾನೆ. ಆಟದ ದಿನ ಅವನನ್ನು ಶಾಲೆಗೆ ಕಳಿಸುವುದಿಲ್ಲ. ಯಾಕೆ ಎಂದು ಕೇಳಿದೆವು. "ಬಿದ್ರೆ ಆಸ್ಪತ್ರೆಗೆ ಹೊತ್ಕೊಂಡು ಓಡೋಳು ನಾನು ತಾನೆ? ಮಿಕ್ಕ ಹುಡುಗ್ರು ನಗ್ತಾರೆ, ಅದನ್ನ ನೋಡೋಳೂ ನಾನೇ" ಎಂದರು. ನಾವು ತಕ್ಷಣ ಏನೂ ಹೇಳಲಾಗಲಿಲ್ಲ. ಅವರ ಭಯ ಸುಳ್ಳಲ್ಲ. ಆದರೆ ನಗುವ ಹುಡುಗರನ್ನು ತಿದ್ದುವುದು ಮೇಷ್ಟ್ರ ಕೆಲಸ. ಅದಕ್ಕಾಗಿ ನಮ್ಮ ಹುಡುಗ ಮನೆಯಲ್ಲಿ ಕೂರಬೇಕೆ?

ಒಂದು ವಿಷಯ ಮಾತ್ರ ಅವರಿಗೆ ಬರೆದುಕೊಟ್ಟೆವು. ನೀವೂ ಬರೆದುಕೊಳ್ಳಿ. 2016ರ ಕಾನೂನಿನ ಪ್ರಕಾರ, ಶೇಕಡ 40 ಅಥವಾ ಹೆಚ್ಚು ಅಂಗವೈಕಲ್ಯ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಪಡೆಯುವ ಹಕ್ಕಿದೆ. ಎಷ್ಟು ಶೇಕಡ ಎಂಬುದನ್ನು ವೈದ್ಯರು ನೋಡಿ ಪ್ರಮಾಣ ಪತ್ರ ಕೊಡುತ್ತಾರೆ. ಆ ಪತ್ರವನ್ನು ಜೋಪಾನ ಮಾಡಬೇಕು.

ಅಕ್ಕ ಆ ಚೀಟಿಯನ್ನು ಅಕ್ಷರ ಕೂಡಿಸಿ ಎರಡು ಸಲ ಓದಿದರು. ಮಡಚಿ ಸೆರಗಿನ ತುದಿಗೆ ಗಂಟು ಹಾಕಿಕೊಂಡರು.

ಅಳೆಯಿರಿ, ಬರೆಯಿರಿ

ನಿಮ್ಮ ಮನೆಯ ಬಾಗಿಲು ಎಷ್ಟು ಸೆಂಟಿಮೀಟರ್ ಎತ್ತರ?

ಗಿರೀಶ 174 ಸೆಂಟಿಮೀಟರ್ ಹಾರಿದರು. ಮಾರಿಯಪ್ಪನ್ 189 ಹಾರಿದರು. ಎಷ್ಟು ಹೆಚ್ಚು?

ಸರೋಜ ಅವರ ಬಗ್ಗೆ ಎರಡು ಸಾಲು ಬರೆಯಿರಿ.